ಸೈಲೆನ್ಸರ್ ಲೀಕು ಹುಡುಕಲು ಬಟ್ಟೆ, ಸ್ಕ್ಯಾನರ್, ಸೋಪು ನೀರು, ಹೊಗೆ: ಯಾವುದು ಮೇಲು?

ನನ್ನ ಪೆಟ್ರೋಲ್ ಸ್ವಿಫ್ಟ್‌ಗೆ ಕಂಪನಿಯದ್ದಲ್ಲದ ಹೊರಗಿನ ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಮೊದಲ ಪೈಪು), ಸೈಲೆನ್ಸರ್ ಹಾಕಿಸಿದ ಮೇಲೆ ಒಂದು ಸದ್ದು ಶುರುವಾಯಿತು. ಚಾರ್ಮಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಹಿಂದಿನಿಂದ ಪಟ್ ಪಟ್. ಒತ್ತಿದರೆ ಸದ್ದಿಲ್ಲ. ಈ ವ್ಯತ್ಯಾಸ ಗಮನಿಸಿ. ಪಿಕಪ್ ಕೊಡುವಾಗ ಸದ್ದು ಬಂದರೆ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಬೇಕು. ಕಾಲು ತೆಗೆದಾಗ ಮಾತ್ರ ಬಂದರೆ ಜಾಯಿಂಟ್ ಲೀಕಿನ ಅನುಮಾನ ಜಾಸ್ತಿ. ಅಲ್ಲಿಂದ ಗಾಳಿ ಒಳಗೆ ಸೇರಿದರೆ, ಸುಡದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ.

ಮೊದಲು ಬಟ್ಟೆ. ಎಂಜಿನ್ ಐಡಲ್‌ನಲ್ಲಿದ್ದಾಗ ಭಾವ ದಪ್ಪ ಗ್ಲೌಸ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಪೈಪಿನ ಬಾಯಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರು. ಮುಂದಿನಿಂದ ಬುಸ್ ಅನ್ನೋ ಸದ್ದು ಕೇಳಿತು. ಲೀಕು ಇದೆ ಅಂತ ಗೊತ್ತಾಯಿತು, ಎಲ್ಲಿ ಅಂತ ಗೊತ್ತಾಗಲಿಲ್ಲ. ಎಂಜಿನ್ ಸದ್ದಿನಲ್ಲಿ ಎಲ್ಲಾ ಕಲಸಿಹೋಗುತ್ತದೆ. ಇದನ್ನು ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಾರಿನ ಕಂಪ್ಯೂಟರ್‌ನ ಅಂಕಿ ಓದುವ ಓಬಿಡಿ ಸ್ಕ್ಯಾನರ್ ಕೊಟ್ಟ ಮಾಹಿತಿ ಇನ್ನೊಂದು ಥರದ್ದು. ಫ್ಯೂಯಲ್ ಟ್ರಿಮ್ (ಆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಅನ್ನೋ ಅಂಕಿ) ಐಡಲ್‌ನಲ್ಲಿ +14, 2500 ಆರ್‌ಪಿಎಂನಲ್ಲಿ +4 ತೋರಿಸಿತು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ಮೊದಲೇ, ಎಂಜಿನ್ ಕಡೆಯ ಪೈಪಿನಲ್ಲಿ ಗಾಳಿ ನುಗ್ಗಿದರೆ ಪೆಟ್ರೋಲ್ ಕಡಿಮೆ ಆಗಿದೆ ಅಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಪಟಪಟಕ್ಕೆ ಅದೇ ಮೇವು. ಆದರೆ ಇನ್‌ಟೇಕ್ ಕಡೆ ಗಾಳಿ ಸೋರಿದರೂ ಇದೇ ಥರ ಅಂಕಿ ಬರುತ್ತೆ ಅಲ್ವಾ? ಹಾಗಾಗಿ ಸ್ಕ್ಯಾನರ್ ಒಂದನ್ನೇ ನಂಬಿ ಹೆಡರ್ ಬಿಚ್ಚಬೇಡಿ.

ನನ್ನ ಮಟ್ಟಿಗೆ ಗೆದ್ದದ್ದು ಸೋಪು ನೀರು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಆಫ್ ಆಗಿರಬೇಕು. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಯ ಪೈಪನ್ನು ಸೈಲೆನ್ಸರ್ ಬಾಯಿಗೆ ಇಟ್ಟು, ಸುತ್ತ ಬಟ್ಟೆ ತುರುಕಿದೆ. ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರನ್ನು ಒಂದೊಂದೇ ಜಾಯಿಂಟ್‌ಗೆ ಸ್ಪ್ರೇ ಮಾಡುತ್ತಾ ಹೋದೆ. ಹೆಡರ್ ಕೆಳಗಿನ ಫ್ಲೇಂಜ್‌ನಲ್ಲಿ (ಎರಡು ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಚಪ್ಪಟೆ ಅಂಚು), ಒಂದು ಬೋಲ್ಟಿನ ಪಕ್ಕದಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು ನೊರೆ ಕಟ್ಟಿತು. ಉಳಿದ ಕಡೆ ನೀರು ಸುಮ್ನೆ ಇಳಿದುಹೋಯಿತು. ಸೈಲೆನ್ಸರ್ ಡಬ್ಬಿಯ ತಳದ ಸಣ್ಣ ತೂತಿನಲ್ಲೂ ಗುಳ್ಳೆ ಬರಬಹುದು. ಅದು ನೀರು ಹೊರಹೋಗಲು ಬಿಟ್ಟಿರುವ ತೂತು, ಮುಚ್ಚಬೇಡಿ.

ಪೈಪಿನೊಳಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆ ಅಂತ ನೋಡುವ ಹೊಗೆ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡಿಸಿದೆ. ಹೊಗೆ ಬಂದದ್ದೂ ಅದೇ ಫ್ಲೇಂಜ್‌ನಿಂದ. ಹೀಟ್ ಶೀಲ್ಡ್ ಹಿಂದೆ, ಕೈಯೂ ಕಣ್ಣೂ ಹೋಗದ ಕಡೆ ಬಿರುಕು ಇದ್ದರೆ ಇದಕ್ಕೆ ದುಡ್ಡು ಕೊಡುವುದು ಸರಿ. ಕೆಳಗಿನ ಜಾಯಿಂಟ್‌ಗಳಿಗೆ ಬೇಕಿಲ್ಲ.

ಬಿಚ್ಚಿದಾಗ ಹಳೇ ಪ್ಯಾಕಿಂಗ್ ಒಂದೇ ಅಂಚಿನಲ್ಲಿ ಕಪ್ಪಾಗಿತ್ತು. ಬೋಲ್ಟುಗಳನ್ನು ಸಮನಾಗಿ ಬಿಗಿದಿರಲಿಲ್ಲ. ಹೊಸ ಪ್ಯಾಕಿಂಗ್ ಹಾಕಿ, ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿದ ಮೇಲೆ ಐಡಲ್ ಟ್ರಿಮ್ +3ಕ್ಕೆ ಇಳಿಯಿತು. ಈಗ ಇಳಿಜಾರಿನಲ್ಲಿ ಕಾಲು ತೆಗೆದರೂ ಪಟಪಟ ಇಲ್ಲ.