ಎದುರಿಗಿದ್ದವರು ದನಿ ಏರಿಸಿದಾಗ: ವಾಕಿಂಗ್, ಕರಾಟೆ, ಪ್ರಾಣಾಯಾಮ, ತೈ ಚಿ

ಮಂಗಳೂರಿನಲ್ಲಿ ಫ್ಲಾಟ್ ಅಸೋಸಿಯೇಷನ್‌ನ ಸೆಕ್ರೆಟರಿಗೆ ಸಂಬಳ ಇಲ್ಲ, ಬೈಗುಳ ಮಾತ್ರ ಧಾರಾಳ. ಪಾರ್ಕಿಂಗ್, ಲಿಫ್ಟ್ ರಿಪೇರಿ, ಮೇಲಿನ ಮನೆಯ ಬಾಲ್ಕನಿಯಿಂದ ಕೆಳಗೆ ಬೀಳುವ ಮೀನು ತೊಳೆದ ನೀರು, ಎಲ್ಲದಕ್ಕೂ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. 2023ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರಕ್ಕೆ ದಿನ ಬಿಟ್ಟು ದಿನ ನಳ್ಳಿ ನೀರು ಅಂತಾದಾಗ, ಟ್ಯಾಂಕರ್ ದುಡ್ಡು ಹಂಚುವ ವಿಷಯದಲ್ಲಿ ನಮ್ಮ ಕಟ್ಟಡದಲ್ಲಿ ಎದ್ದ ಜಗಳ ಮಳೆ ಬಂದ ಮೇಲೂ ಆರಲಿಲ್ಲ. ನನಗೆ ಬಿ.ಪಿ. ಏರಿತು. "ಮಾತ್ರೆ ಕೊಡ್ತೇನೆ, ಆದ್ರೆ ನೀವೂ ಎಂತಾದ್ರೂ ಮಾಡ್ಬೇಕು" ಅಂದರು ಡಾಕ್ಟರು.

ಹಾಗೆ ಒಂದಾದ ಮೇಲೊಂದು ನಾಲ್ಕು ದಾರಿ ಹಿಡಿದು ನೋಡಿದೆ: ವಾಕಿಂಗ್, ಕರಾಟೆ, ಪ್ರಾಣಾಯಾಮ, ಕೊನೆಗೆ ತೈ ಚಿ ಎಂಬ ಚೀನಾದ ನಿಧಾನಗತಿಯ ಸಮರಕಲೆ. ನನ್ನ ಅಳತೆಗೋಲು ಒಂದೇ. ಮನಸ್ಸು ಶಾಂತವಾಗುವುದು ಎಲ್ಲದರಲ್ಲೂ ಸ್ವಲ್ಪ ಉಂಟು. ಆದರೆ ಎದುರಿಗಿದ್ದ ಮನುಷ್ಯ ದನಿ ಏರಿಸಿದ ಆ ಗಳಿಗೆಯಲ್ಲಿ ಏನು ಕೆಲಸಕ್ಕೆ ಬರುತ್ತದೆ? ಯಾಕೆಂದರೆ ಮಾರನೇ ಬೆಳಿಗ್ಗೆ ಅದೇ ಮನುಷ್ಯನ ಜೊತೆ ಅದೇ ಲಿಫ್ಟಿನಲ್ಲಿ ಇಳಿಯಬೇಕು.

ವಾಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕದ್ರಿ ಪಾರ್ಕಿಗೆ ಹೋದರೆ ಅರ್ಧ ಬಿಲ್ಡಿಂಗ್ ಅಲ್ಲಿಯೇ ಸಿಗುತ್ತದೆ. ಮೊದಲ ಸುತ್ತು ಮುಗಿಯುವ ಮೊದಲೇ "ಅಲ್ಲ ಮಾರ್ರೆ, ಅವ್ರು ನಿನ್ನೆ ಹಾಗೆ ಹೇಳಿದ್ದು ಸರಿಯಾ?" ಅಂತ ಶುರು. ಮನೆಗೆ ಬರುವಾಗ ಬೆವರಿನ ಜೊತೆ ಹೊಸ ಸಿಟ್ಟೂ ಇರುತ್ತಿತ್ತು. ತಣ್ಣೀರುಬಾವಿಯಲ್ಲಿ ಒಬ್ಬನೇ ಕಡಲ ಬದಿ ನಡೆದದ್ದು ಚೆನ್ನಾಗಿತ್ತು, ಆದರೆ ಜಗಳ ಬಂದಾಗಲೆಲ್ಲ ಹೊಳೆ ದಾಟಿ ಹೋಗಲಿಕ್ಕಾಗುತ್ತದೆಯೇ.

ಕರಾಟೆಗೆ ಸೇರಿಸಿದ್ದು ಭಾವ. ನಮ್ಮೂರಲ್ಲಿ ಕರಾಟೆ ಕ್ಲಾಸಿಗೆ ಬರಗಾಲ ಇಲ್ಲ, ಸಂಜೆ ಯಾವ ಶಾಲೆಯ ಹಾಲ್ ಇಣುಕಿದರೂ ಬಿಳಿ ಬಟ್ಟೆಯ ಮಕ್ಕಳು ಕೂಗುವುದು ಕೇಳುತ್ತದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಪಕ್ಕ ನಿಂತು ನಾನೂ ಕೂಗಿದೆ. ಮೈಯಲ್ಲಿ ಕಟ್ಟಿಕೊಂಡಿದ್ದ ಬಿಗಿ ಇಳಿಯಲಿಕ್ಕೆ ಅಷ್ಟು ಚಂದದ ದಾರಿ ಬೇರೆ ಸಿಗಲಿಲ್ಲ, ಅದನ್ನು ಒಪ್ಪಬೇಕು. ಕರಾಟೆಯಲ್ಲಿ ಮೊದಲ ಏಟು ನಮ್ಮದಲ್ಲ ಎಂಬುದು ಆಧುನಿಕ ಕರಾಟೆಯ ಪಿತಾಮಹ ಅನ್ನಿಸಿಕೊಂಡ ಗಿಚಿನ್ ಫುನಾಕೋಶಿ ಕಾಲದಿಂದಲೂ ಪಾಠದ ಭಾಗ, ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ಆದರೆ ಕೈಗೆ ದಿನಾ ಆಗುತ್ತಿದ್ದ ಅಭ್ಯಾಸ ಬೇರೆ: ಬಂದದ್ದನ್ನು ತಡೆ, ಕೂಡಲೇ ತಿರುಗಿಸಿ ಕೊಡು. ಮೀಟಿಂಗಿನಲ್ಲಿ ನನ್ನ ನಾಲಿಗೆಯೂ ಅದನ್ನೇ ಕಲಿತಿತ್ತು. ವರ್ಷಗಟ್ಟಲೆ ಕಲಿತವರಿಗೆ ಅದು ದಾಟಿಹೋಗುವ ಹಂತವೇ ಇರಬಹುದು, ಐವತ್ತು ದಾಟಿದ ನನಗೆ ಅಷ್ಟು ಪುರುಸೊತ್ತಿಲ್ಲ.

ಪ್ರಾಣಾಯಾಮ ಮಾತ್ರ ಗಟ್ಟಿ ಪ್ರತಿಸ್ಪರ್ಧಿ. ಖರ್ಚಿಲ್ಲ, ಜಾಗ ಬೇಡ, ಕಲಿಸುವವರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಮೂಗಿನ ಹೊಳ್ಳೆ ಬದಲಿಸಿ ಉಸಿರಾಡುವ ನಾಡಿಶೋಧನ, ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ, ಇವೆರಡನ್ನೇ ಹಿಡಿದುಕೊಂಡೆ. ಉಸಿರು ಒಳಗೆಳೆದಾಗ ಎದೆಬಡಿತ ತುಸು ಏರುತ್ತದೆ, ಬಿಡುವಾಗ ಇಳಿಯುತ್ತದೆ. ಹಾಗಾಗಿ ಬಿಡುವ ಉಸಿರನ್ನು ಉದ್ದ ಮಾಡುವುದರಲ್ಲೇ ಅರ್ಧ ಗುಟ್ಟು ಉಂಟು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು "ನಾನು ಹೀಗೆ ಹೇಳಬೇಕಿತ್ತು, ಹಾಗೆ ಹೇಳಬೇಕಿತ್ತು" ಅಂತ ಜಗಳವನ್ನು ಮತ್ತೆ ಮತ್ತೆ ಆಡುವ ಚಾಳಿ ಇದೆಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಈ ಒಂದು ವಿಷಯದಲ್ಲಿ ತೈ ಚಿ ಅದರ ಹತ್ತಿರಕ್ಕೂ ಬರುವುದಿಲ್ಲ. ಕೊರತೆ ಎಲ್ಲಿ ಅಂದರೆ, ಪ್ರಾಣಾಯಾಮದಲ್ಲಿ ಎದುರಾಳಿಯೇ ಇಲ್ಲ. ಕಣ್ಣು ಮುಚ್ಚಿ ಪಡೆದ ಸಮಾಧಾನ ಕಣ್ಣು ಬಿಟ್ಟು ಮೂರನೇ ಮಹಡಿಯ ಶೆಟ್ರ ಮುಖ ಕಂಡ ಕೂಡಲೇ ಹಾರಿಹೋಗುತ್ತಿತ್ತು.

ತೈ ಚಿ ಸಿಕ್ಕಿದ್ದು ಆಕಸ್ಮಿಕ. ಸಿಂಗಾಪುರದಲ್ಲಿ ದುಡಿದು ಊರಿಗೆ ಮರಳಿದ ಹಿರಿಯರೊಬ್ಬರು ಬಿಜೈ ಕಡೆ ಇದ್ದಾರೆ, ಅಲ್ಲಿನ ಪಾರ್ಕುಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಲಿತದ್ದನ್ನು ಇಲ್ಲಿ ಶೀಟ್ ಹಾಕಿಸಿದ ತಾರಸಿಯಲ್ಲಿ ಮುಂದುವರಿಸಿದವರು. ಜೂನ್‌ನಲ್ಲಿ ತಲೆಯ ಮೇಲೆ ಶೀಟಿನ ಸದ್ದಿಗೆ ಅವರ ಮಾತೇ ಕೇಳದು. ನಮಗೆ ಕಲಿಸಿದ್ದು 24 ಭಂಗಿಗಳ ಸರಣಿ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ತೈ ಚಿಯ ಯಾಂಗ್ ಎಂಬ ಶೈಲಿಯ ಉದ್ದದ ಸರಣಿಯನ್ನು ಜನಸಾಮಾನ್ಯರಿಗಾಗಿ ಮೊಟಕು ಮಾಡಿದ್ದು ಇದು. ಮಾಡಿ ಮುಗಿಸಲು ಐದಾರು ನಿಮಿಷ ಸಾಕು, ಸರಿಯಾಗಿ ಕಲಿಯಲು ತಿಂಗಳುಗಟ್ಟಲೆ ಬೇಕು. ಒಂದು ಕಾಲಿನ ಭಾರ ಪೂರ್ತಿ ಖಾಲಿಯಾದ ಮೇಲೆಯೇ ಆ ಕಾಲು ಎತ್ತಬೇಕು. ನನ್ನಂಥ ಅವಸರದವನಿಗೆ ಅದು ಶಿಕ್ಷೆ.

ನಿಜ ಹೇಳಬೇಕೆಂದರೆ, ಈ ಸರಣಿ ಒಂದೇ ಆಗಿದ್ದರೆ ನಾನು ಪ್ರಾಣಾಯಾಮಕ್ಕೇ ಅಂಕ ಕೊಡುತ್ತಿದ್ದೆ. ಕಾಲಿನ ಹಿಡಿತ ಚೆನ್ನಾಗುತ್ತದೆ, ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಅಧ್ಯಯನಗಳ ಬೆಂಬಲವೂ ಉಂಟು. ಜಗಳಕ್ಕೆ ಮಾತ್ರ ಅದರಿಂದ ನೇರ ಉಪಯೋಗ ಕಾಣಲಿಲ್ಲ. ಉಪಯೋಗ ಕಂಡದ್ದು ತುಯ್ ಶೌ ಶುರುವಾದ ಮೇಲೆ. ಅದು ಜೋಡಿ ಅಭ್ಯಾಸ. ಇಬ್ಬರು ಎದುರುಬದುರು, ಇಬ್ಬರದೂ ಬಲಗಾಲು ಮುಂದೆ, ಬಲ ಮಣಿಕಟ್ಟುಗಳ ಹೊರಬದಿ ಒಂದಕ್ಕೊಂದು ತಾಗಿಕೊಂಡು. ಒಬ್ಬ ಮತ್ತೊಬ್ಬನ ಎದೆಯತ್ತ ಒತ್ತುತ್ತಾನೆ. ಮತ್ತೊಬ್ಬ ಭಾರವನ್ನು ಹಿಂಗಾಲಿಗೆ ಬಿಟ್ಟು, ಸೊಂಟ ತಿರುಗಿಸಿ, ಬಂದ ಒತ್ತಡವನ್ನು ಬದಿಗೆ ಹೋಗಗೊಡುತ್ತಾನೆ. ಅದು ಮುಗಿದ ಜಾಗದಿಂದ ಈಗ ಇವನು ಒತ್ತುತ್ತಾನೆ. ಕೈ ಕಳಚುವಂತಿಲ್ಲ, ಕಾಲು ಎತ್ತುವಂತಿಲ್ಲ. ಅಂದರೆ ತಿರುಗಿ ಹೊಡೆಯಲಿಕ್ಕೂ ಇಲ್ಲ, ಎದ್ದು ಹೋಗಲಿಕ್ಕೂ ಇಲ್ಲ.

ಆ ಹಿರಿಯರ ಕೈಯನ್ನು ಒತ್ತಿದರೆ ಅಲ್ಲಿ ಏನೂ ಸಿಗದು. ನನ್ನ ಬಲವೇ ನನ್ನನ್ನು ಮುಂದಕ್ಕೆ ಮುಗ್ಗರಿಸುವಂತೆ ಮಾಡುತ್ತಿತ್ತು. ಅವರು ಒತ್ತಿದಾಗ ನಾನು ಮರದ ಕೊರಡಿನಂತೆ ಸೆಟೆಯುತ್ತಿದ್ದೆ. ಕೂಡಲೇ ಅವರು ಎಡಗೈಯ ಒಂದು ಬೆರಳನ್ನು ನನ್ನ ಹೆಗಲ ಮೇಲಿಟ್ಟು "ಏರಿತು ನೋಡಿ" ಅನ್ನುತ್ತಿದ್ದರು. ನೋಡಿದರೆ ಹೆಗಲು ಕಿವಿಯತ್ತ ಅರ್ಧ ಇಂಚು ಹೋಗಿರುತ್ತಿತ್ತು, ನನಗೆ ಗೊತ್ತೇ ಆಗಿರುತ್ತಿರಲಿಲ್ಲ. ಇಳಿಸಿದರೆ ಮೊಣಕೈ ಇಳಿಯುತ್ತದೆ, ಆಮೇಲೆ ಸೊಂಟ ತಿರುಗಲಿಕ್ಕೆ ದಾರಿ ಸಿಗುತ್ತದೆ. ಹಾಗಂತ ಕೈ ಪೂರ್ತಿ ಸಡಿಲ ಬಿಟ್ಟರೂ ಆಗದು, ನೇರ ಎದೆಗೇ ಬಂದು ಬೀಳುತ್ತದೆ. ಒತ್ತಿದಾಗ ತಗ್ಗಿಯೂ ಕುಸಿಯದ ಆ ಗುಣಕ್ಕೆ ಪೆಂಗ್ ಎನ್ನುತ್ತಾರೆ, ಜೋಡಿ ಅಭ್ಯಾಸದ ಮೊದಲ ಪಾಠ ಅದೇ.

ಮುಂದಿನ ಬೇಸಿಗೆಯ ಮೀಟಿಂಗಿನಲ್ಲಿ ಅದೇ ಶೆಟ್ರು ಎದ್ದು ನಿಂತರು. "ನಾನು ಒಬ್ನೇ ಇರುವುದು. ಐದು ಜನ ಇರುವ ಮನೆಗೂ ನಂಗೂ ಒಂದೇ ಟ್ಯಾಂಕರ್ ದುಡ್ಡು, ಇದು ಎಂತ ನ್ಯಾಯ?" ಹಿಂದಿನ ವರ್ಷವಾದರೆ ಬೈಲಾ ಪುಸ್ತಕ ತೆಗೆದು ಓದುತ್ತಿದ್ದೆ. ಈ ಸಲ ಹೆಗಲು ಏರುತ್ತಿರುವುದು ಮೊದಲೇ ಗೊತ್ತಾಯಿತು, ಇಳಿಸಿದೆ. "ಹೌದು ಶೆಟ್ರೆ, ನಿಮ್ಮಲ್ಲಿ ಒಬ್ಬರೇ. ತಲೆ ಲೆಕ್ಕ ಹಿಡಿದ್ರೆ ಯಾರಿಗೆ ಎಷ್ಟು ಬರ್ತದೆ, ನೀವೇ ಒಮ್ಮೆ ಬರೆದು ತೋರಿಸಿ, ಇಡುವ" ಅಂದೆ. ಅಲ್ಲೇ ಕುಳಿತು ಬರೆದರು. ಮೇ ತಿಂಗಳಿಗೆ ಬಂದಾಗ ಪೆನ್ನು ನಿಂತಿತು. ಆ ತಿಂಗಳು ದುಬಾಯಿಯಿಂದ ಮಗ, ಸೊಸೆ, ಮಕ್ಕಳು, ಬೀಗರು ಎಲ್ಲ ಇವರಲ್ಲೇ. ಟ್ಯಾಂಕರ್ ಬೇಕಾಗುವುದೂ ಮೇ ತಿಂಗಳಲ್ಲೇ. "ಇರ್ಲಿ, ಹಳೆಯದೇ ಇರ್ಲಿ" ಅಂತ ಕಾಗದ ಮಡಚಿದರು. ಸ್ಕೂಟರ್ ಮಾತ್ರ ಈಗಲೂ ಅಡ್ಡವೇ ನಿಲ್ಲಿಸುತ್ತಾರೆ.

ಎಲ್ಲ ಜಗಳಕ್ಕೂ ಇದು ನಡೆಯದು. ನಮ್ಮ ಬಿಲ್ಡರ್ ಕೊಡಬೇಕಾದ ದಾಖಲೆಪತ್ರ ಕೊಡದೆ ವರ್ಷಗಟ್ಟಲೆ ಸತಾಯಿಸಿದಾಗ ಸೊಂಟ ತಿರುಗಿಸಿ ಪ್ರಯೋಜನ ಇರಲಿಲ್ಲ, ವಕೀಲರ ನೋಟಿಸ್ಸೇ ಬೇಕಾಯಿತು. ಒತ್ತಡ ಕೊಡುವವನು ಎದುರಿಗೇ ನಿಲ್ಲದಿದ್ದರೆ ತುಯ್ ಶೌ ಯಾರ ಕೈಗೆ ಕೈ ತಾಗಿಸುತ್ತದೆ?

ಆಯ್ಕೆ ಕೇಳುವವರಿಗೆ ನಾನು ಹೇಳುವುದು ಹೀಗೆ. ನಿದ್ದೆ ಕೆಟ್ಟಿದ್ದರೆ ಪ್ರಾಣಾಯಾಮ, ಬೇರೆ ಏನೂ ಬೇಡ. ಮಗನಿಗೆ ಹದಿನೈದಾಗಿ ಬಾಗಿಲು ಬಡಿದುಕೊಂಡು ಓಡಾಡುತ್ತಿದ್ದರೆ ಕರಾಟೆ. ದಿನಾ ಮುಖ ನೋಡಲೇಬೇಕಾದವರ ಜೊತೆ ತಿಕ್ಕಾಟ ಇದ್ದರೆ, ಅದು ಅಂಗಡಿಯ ಪಾಲುದಾರನಿರಲಿ, ಒಂದೇ ಅಂಗಳದ ದಾಯಾದಿ ಇರಲಿ, ತೈ ಚಿ. ಅದೂ ಜೋಡಿ ಅಭ್ಯಾಸ ಇರುವ ಕಡೆ ಮಾತ್ರ. ವಿಡಿಯೊ ನೋಡಿ ಸರಣಿ ಕಲಿಯಬಹುದು, ಎದುರಿನ ಕೈ ವಿಡಿಯೊದಲ್ಲಿ ಸಿಗದು. ಮಂಗಳೂರಿನಲ್ಲಿ ಕಲಿಸುವವರು ವಿರಳ, ಹುಡುಕಬೇಕು. ಮೊಣಕಾಲು ನೋವಿದ್ದವರು ಮಂಡಿ ಹೆಚ್ಚು ಬಗ್ಗಿಸದೆ ಎತ್ತರದ ನಿಲುವಿನಲ್ಲೇ ಮಾಡಿ, ಮಂಡಿ ಕಾಲ್ಬೆರಳಿಗಿಂತ ಮುಂದೆ ಹೋಗದಿರಲಿ. ವಾಕಿಂಗ್ ಶೂ ಬೇಡ, ಅದರ ಅಡಿ ನೆಲವನ್ನು ಕಚ್ಚಿ ಹಿಡಿದು, ಪಾದ ತಿರುಗದೆ ಮಂಡಿ ತಿರುಚುತ್ತದೆ. ತೆಳು ಅಡಿಯ ಕ್ಯಾನ್ವಾಸ್ ಶೂ ಸಾಕು.