ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ?

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟವರು ಹಕ್ಕಿ ನೋಡಲು ಎರಡು ಕಡೆ ತಿರುಗಬಹುದು: ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಇಲ್ಲವೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಎರಡೂ ಕಡೆ ಗೂಡು ಕಟ್ಟುತ್ತವೆ. ಎರಡನ್ನೂ ಮತ್ತೆ ಮತ್ತೆ ನೋಡಿದ ಮೇಲೆ ನನ್ನ ಮನಸ್ಸು ಬೆಳ್ಳೂರಿನತ್ತ ವಾಲಿದೆ. ಅದಕ್ಕೆ ಕಾರಣ ಹಕ್ಕಿಗಳಲ್ಲ, ಜನ.

ಬರಿಯ ನೋಟಕ್ಕಾದರೆ ರಂಗನತಿಟ್ಟಿಗೆ ಸಾಟಿಯಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗವಿದು. ಕಾವೇರಿಯ ನಡುಗಡ್ಡೆಗಳ ನಡುವೆ ಹುಟ್ಟು ಹಾಕುತ್ತಾ ಅಂಬಿಗರು ದೋಣಿಯನ್ನು ಬಂಡೆಯ ಹತ್ತಿರಕ್ಕೆ ತರುತ್ತಾರೆ. ಬಾಯಿ ತೆರೆದು ಮಲಗಿದ ಮೊಸಳೆಯ ಹಲ್ಲುಗಳು ಬರಿಗಣ್ಣಿಗೇ ಕಾಣುತ್ತವೆ. ತೊಂದರೆ ಇರುವುದೂ ಅಲ್ಲೇ. ದೋಣಿ ಹತ್ತಿದವರಲ್ಲಿ ಹೆಚ್ಚಿನವರಿಗೆ ಮೊಸಳೆ ಕಂಡರೆ ದುಡ್ಡು ಸಾರ್ಥಕ, ಕಾಣದಿದ್ದರೆ ದಂಡ. ತಲೆಯ ಮೇಲೆ ಕಡ್ಡಿ ಕಚ್ಚಿಕೊಂಡು ಹಾರುವ ಕೊಕ್ಕರೆ ಯಾರಿಗೂ ಬೇಡ. ಹಾಗೆಂದು ವ್ಯವಸ್ಥೆಯನ್ನು ಹಳಿಯಲಾರೆ. ಜನ ದೋಣಿಯಿಂದ ಇಳಿಯದೆ ಇರುವುದರಿಂದಲೇ ಆ ಗೂಡುಗಳಿಗೆ ನೆಮ್ಮದಿ.

ಬೆಳ್ಳೂರಿನಲ್ಲಿ ನಡುವೆ ನೀರಿಲ್ಲ. ಗೂಡುಗಳಿರುವ ಹುಣಸೆ ಮರಗಳು ಮನೆಗಳ ನಡುವೆಯೇ ಇವೆ. ಹೆಂಚಿನ ಮೇಲೆ ಬೆಳ್ಳಗೆ ಹಿಕ್ಕೆ, ಮೂಗಿಗೆ ಅಡರುವ ಮೀನಿನ ವಾಸನೆ, ಮೇಲೆ ಮರಿಗಳ ಗಲಾಟೆ. ಕೆಳಗೆ ಒಬ್ಬಾಕೆ ತಲೆಯನ್ನೂ ಎತ್ತದೆ ಪಾತ್ರೆ ತಿಕ್ಕುತ್ತಿದ್ದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ಕಾಣುತ್ತಾರೆ. ಕೇಳಲು ಚೆಂದ, ಆದರೆ ಬಾಣಂತನಕ್ಕೆ ಖರ್ಚೂ ಇದೆ. ಹುಣಸೆ ಬಡಿಯುವ ಕಾಲಕ್ಕೇ ಗೂಡುಗಳಲ್ಲಿ ಮರಿಗಳಿರುತ್ತವೆ. ಮರ ಮುಟ್ಟುವಂತಿಲ್ಲ, ಫಸಲು ಕೈಬಿಟ್ಟಂತೆಯೇ. ಆ ನಷ್ಟಕ್ಕೆಂದು ಅರಣ್ಯ ಇಲಾಖೆಯ ಪರಿಹಾರವಿದೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದೂ ಉಂಟು. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗವೆಂಬ ಊರಿನ ಗುಂಪಿನವರು ಮೀನು ತಿನ್ನಿಸಿ ಸಾಕುತ್ತಾರೆ. 2007ರಲ್ಲಿ ಈ ಜಾಗಕ್ಕೆ ಸಮುದಾಯ ಮೀಸಲು ಪ್ರದೇಶವೆಂಬ, ಎಂದರೆ ಊರವರ ಜಾಗದಲ್ಲಿ ಊರವರೇ ಕಾಪಾಡುವ ನೆಲೆಯೆಂಬ, ಮಾನ್ಯತೆ ಸಿಕ್ಕಿತು.

ರಂಗನತಿಟ್ಟಿನಲ್ಲಿ ಟಿಕೆಟ್ ಕೊಂಡವನು ಗಿರಾಕಿ, ಹಕ್ಕಿ ಕಾಣಿಸಿಕೊಳ್ಳಲೇಬೇಕೆಂಬ ಹಠ ಅವನಿಗೆ ಸಹಜ. ಬೆಳ್ಳೂರಿನಲ್ಲಿ ಅವನೇ ಹೊರಗಿನವನು. ಹಿತ್ತಲಿಗೆ ಕಾಲಿಡಲು ಮನೆಯವರನ್ನು ಕೇಳಬೇಕು. ಬಸ್ಸುಗಟ್ಟಲೆ ಜನ ಅಲ್ಲಿಗೂ ನುಗ್ಗಿದರೆ ಈ ಲೆಕ್ಕ ತಲೆಕೆಳಗಾದೀತು ಎಂಬ ಅಳುಕಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಹಕ್ಕಿ ನೋಡುವ ಚಿಕ್ಕ ಮಕ್ಕಳಿದ್ದರೆ ರಂಗನತಿಟ್ಟೇ ಸರಿ, ರಜಾದಿನ ಮಾತ್ರ ಬೇಡ. ಬೆಳ್ಳೂರಿಗಾದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೋಗಿ, ತಲೆಗೊಂದು ಟೋಪಿ ಇರಲಿ. ಬಿಸಿಲಿಗಷ್ಟೇ ಅಲ್ಲ.