ಹೊಳೆಯ ಮೇಲಿನ ಹೋಟೆಲು: ಕಾಣೆ ಮೀನಿಗೆ ನಾಲ್ಕೂವರೆ ಅಂಕ, ಕೂತ ಜಾಗಕ್ಕೆ ಅಂಕವಿಲ್ಲ

ಕುಂದಾಪುರದ ಕಡೆ, ಅಳಿವೆಗೆ ಹತ್ತಿರವಾದ ಹೊಳೆಯೊಂದರ ದಂಡೆಯಲ್ಲಿರುವ ಈ ಹೋಟೆಲಿಗೆ ಕಳೆದ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಹೋಗಿದ್ದೆವು. ಹೆಸರು ಬರೆಯುತ್ತಿಲ್ಲ. ಕರಾವಳಿಯ ಹೊಳೆಬದಿಗಳಲ್ಲಿ ಊಟ ಮಾಡಿ ಅಭ್ಯಾಸವಿರುವವರಿಗೆ ಇಂಥದೊಂದು ಜಾಗ ಹೇಗೂ ಪರಿಚಯವಿರುತ್ತದೆ.

ಮೊದಲು ಊಟದ ವಿಷಯ. ಕಾಣೆ ಮೀನನ್ನು ರವೆಯಲ್ಲಿ ಮುಚ್ಚಿಹಾಕದೆ, ಮಸಾಲೆ ಹಚ್ಚಿ ಕಾವಲಿಯ ಮೇಲೆ ತಾಳ್ಮೆಯಿಂದ ಕಾಯಿಸಿದ್ದರು. ಮುಳ್ಳಿನವರೆಗೂ ಖಾರ ಇಳಿದಿತ್ತು. ಮರುವಾಯಿ ಸುಕ್ಕಕ್ಕೆ ಆಗತಾನೇ ತುರಿದ ಕಾಯಿ ಬಿದ್ದಿತ್ತು, ಚಿಪ್ಪಿನಲ್ಲಿ ಒಂದು ಕಾಳು ಹೊಯ್ಗೆಯೂ ಸಿಗಲಿಲ್ಲ. ನೀರ್ದೋಸೆ ತೆಳ್ಳಗಿತ್ತು, ಕೋಳಿ ಸಾರು ಸ್ವಲ್ಪ ನೀರಾಗಿತ್ತು, ಪುನರ್ಪುಳಿ ಸಾರನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆವು. ಬಡಿಸುವವರು ಆತುರಪಡಿಸಲಿಲ್ಲ. ನಾಲ್ವರಿಗೆ 2,340 ರೂಪಾಯಿ ಬಿಲ್ಲು ದುಬಾರಿಯೆನಿಸಲಿಲ್ಲ.

ಆದರೆ ಜನರು ಇಲ್ಲಿಗೆ ಬರುವುದು ಮೀನಿಗಿಂತ ಹೆಚ್ಚಾಗಿ ಹೊಳೆಯ ಮೇಲಕ್ಕೆ ಚಾಚಿಕೊಂಡಿರುವ ಮರದ ಹಲಗೆಯ ಜಗಲಿಗಾಗಿ. ನಾವು ಹೋದಾಗ ಇಳಿತವಿದ್ದುದರಿಂದ ಜಗಲಿಯ ಅಡಿಭಾಗ ಪೂರ್ತಿ ಕಾಣುತ್ತಿತ್ತು. ಹಲಗೆ ಮೇಲ್ಗಡೆ ಮಾತ್ರ. ಅದನ್ನು ಹೊತ್ತಿರುವುದು ಕೆಸರಿನಲ್ಲಿ ನೆಟ್ಟ ಕಾಂಕ್ರೀಟ್ ಕಂಬಗಳು. ಕಂಬಗಳ ಅರ್ಧದವರೆಗೆ ಚಿಪ್ಪುಗಳು ಒತ್ತೊತ್ತಾಗಿ ಅಂಟಿದ್ದವು. ಅಂದರೆ ದಿನವೂ ಉಬ್ಬರದ ನೀರು ಅಲ್ಲಿಯವರೆಗೆ ಏರುತ್ತದೆ ಎಂಬುದಕ್ಕೆ ಸರ್ವೆಯವರನ್ನು ಕರೆಸುವ ಅಗತ್ಯವಿಲ್ಲ. ಎಡಗಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು ಜಗಲಿಯ ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿದೆ, ಬಲಗಡೆ ಮತ್ತೆ ಶುರುವಾಗುತ್ತದೆ. ಕೈತೊಳೆಯುವ ಬೇಸಿನ್ನಿನ ಕೊಳವೆ ನೇರವಾಗಿ ಕೆಳಗಿಳಿಯುತ್ತದೆ. ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುವುದು ಕಾಂಡ್ಲಾದ ಬೇರುಗಳ ನಡುವೆ. ಮರುವಾಯಿ ಹೆಕ್ಕುವುದು ಇಳಿತದಲ್ಲಿ ತೆರೆದುಕೊಳ್ಳುವ ಇಂಥದೇ ಹೊಯ್ಗೆ, ಕೆಸರಿನಲ್ಲಿ. ತಟ್ಟೆಯಲ್ಲಿದ್ದ ಸುಕ್ಕವನ್ನು ಹೊಗಳಿದ ಮೇಲೆ ಇದನ್ನು ಹೇಳದೆ ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ.

ದಂಡೆಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಉಬ್ಬರದ ನೀರು ಹರಿದಾಡುವ ಹೊಳೆಗಳ ದಂಡೆಯಲ್ಲಿ 2011ರ ಅಧಿಸೂಚನೆಯು 100 ಮೀಟರನ್ನು, ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಹೊಳೆಯ ಅಗಲದಷ್ಟನ್ನು, ನಿಯಂತ್ರಣಕ್ಕೆ ಒಳಪಡಿಸಿತ್ತು. 2019ರದು ಆ 100 ಮೀಟರನ್ನು 50ಕ್ಕೆ ಇಳಿಸಿತು. ಹೀಗೆ ಸಡಿಲಿಸಿದ ಅಳತೆಯನ್ನೇ ಹಿಡಿದರೂ ಈ ಜಗಲಿಯ ಲೆಕ್ಕ ಸರಿಹೋಗುವುದಿಲ್ಲ, ಏಕೆಂದರೆ ಅದು ದಂಡೆಯಿಂದ ಇಷ್ಟು ದೂರ ಎಂದು ಅಳೆಯುವ ಕಡೆಯಲ್ಲಿಲ್ಲ, ಹೊಳೆಯೊಳಗೇ ಇದೆ.

ಗಲ್ಲಾದ ಹಿಂದಿನ ಗೋಡೆಯಲ್ಲಿ ಪಂಚಾಯಿತಿಯ ವ್ಯಾಪಾರ ಪರವಾನಗಿ, ಜಿಎಸ್‌ಟಿ ನೋಂದಣಿ ಮತ್ತು 14 ಅಂಕಿಯ ಆಹಾರ ಪರವಾನಗಿಯನ್ನು ಗಾಜು ಹಾಕಿಸಿ ತೂಗುಹಾಕಿದ್ದಾರೆ. ಸಿಆರ್‌ಝಡ್ ಅನುಮತಿ ಎಲ್ಲಿ ಎಂದು ಸಹಜವಾಗಿಯೇ ಕೇಳಿದೆ. ಮಾಲೀಕರು ಮುಜುಗರವಿಲ್ಲದೆ, "ನೋಟಿಸ್ ಬಂದಿತ್ ಮರಾಯ್ರೆ, ಉತ್ತರ ಕೊಟ್ಟಾಯ್ತ್" ಎಂದರು. ಯಾವಾಗ ಎಂದರೆ, ಮೂರು ಮಳೆಗಾಲದ ಹಿಂದೆ. ಆಮೇಲೆ ಜಗಲಿ ಇನ್ನೆರಡು ಮೇಜುಗಳಷ್ಟು ಉದ್ದವಾಗಿದೆಯಂತೆ. ಮನುಷ್ಯ ಒಳ್ಳೆಯವರು, ಬಿಲ್ಲಿನಲ್ಲಿ ಚಿಲ್ಲರೆಯನ್ನೂ ಬಿಟ್ಟರು. ಅವರ ಮಾತಿನಲ್ಲಿ ಕಳ್ಳತನವಿರಲಿಲ್ಲ, ಮುಗಿದ ಕೆಲಸದ ನಿರಾಳವಿತ್ತು.

ಆ ನಿರಾಳ ಎಲ್ಲಿಂದ ಬರುತ್ತದೆ ಎಂಬುದೇ ನನಗೆ ಊಟದ ನಂತರವೂ ಉಳಿದ ಪ್ರಶ್ನೆ. ಜಮೀನಿನ ದಾಖಲೆ ಕಂದಾಯದವರದು, ಕಟ್ಟಡದ ಪರವಾನಗಿ ಪಂಚಾಯಿತಿಯದು, ಕಾಂಡ್ಲಾ ವನ ಅರಣ್ಯ ಇಲಾಖೆಯದು, ಕರಾವಳಿ ವಲಯದ ಅನುಮತಿ ಮಾತ್ರ ಬೆಂಗಳೂರಿನಲ್ಲಿ ಕೂತಿರುವ ರಾಜ್ಯ ಪ್ರಾಧಿಕಾರದ್ದು. ಆಹಾರ ಪರವಾನಗಿ ಕೊಡುವವರು ಅಡುಗೆಮನೆಯ ಶುಚಿಯನ್ನು ನೋಡುತ್ತಾರೆಯೇ ಹೊರತು ಅಡುಗೆಮನೆ ಯಾವ ನೆಲದ ಮೇಲಿದೆ ಎಂಬುದನ್ನಲ್ಲ. ಹೀಗೆ ಒಂದೊಂದು ಕಚೇರಿಯೂ ತನ್ನ ಪಾಲಿನ ಕಾಗದವನ್ನು ಕೊಡುತ್ತಾ ಹೋದಂತೆ, ಅನುಮತಿಯೇ ಇಲ್ಲದ ಕಟ್ಟಡಕ್ಕೆ ಗೋಡೆ ತುಂಬ ಅನುಮತಿಗಳು ಜಮೆಯಾಗುತ್ತವೆ. ಇನ್ನು ದಂಡದ ಭಯವೂ ದೊಡ್ಡದಲ್ಲ. ಸಿಆರ್‌ಝಡ್ ಉಲ್ಲಂಘನೆಗೆ ಅನ್ವಯಿಸುವ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗಿನ ಜೈಲುಶಿಕ್ಷೆಗೆ ಅವಕಾಶವಿತ್ತು. 2023ರ ಜನ ವಿಶ್ವಾಸ ಕಾಯ್ದೆಯು ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವಾಗಿಸಿತು. ನಮ್ಮಂಥ ಐದು ಮೇಜುಗಳು ಒಂದು ಹೊತ್ತು ಉಂಡೆದ್ದರೆ ಕನಿಷ್ಠ ದಂಡದಷ್ಟು ಹಣ ಗಲ್ಲಾಕ್ಕೆ ಬಿದ್ದಿರುತ್ತದೆ.

ಕ್ರಮವೇ ಆಗುವುದಿಲ್ಲವೆಂದಲ್ಲ, ಆಗುವುದು ತೀರ ತಡವಾಗಿ. ಕೊಚ್ಚಿಯ ಮರಡಿನಲ್ಲಿ ಪಂಚಾಯಿತಿಯು 2006ರಲ್ಲಿ ಹಿನ್ನೀರಿನ ದಂಡೆಯಲ್ಲಿ ವಸತಿ ಸಮುಚ್ಚಯಗಳನ್ನು ಕಟ್ಟಲು ಪರವಾನಗಿ ಕೊಟ್ಟು, 2007ರಲ್ಲಿ ತಾನೇ ನೋಟಿಸನ್ನೂ ಕೊಟ್ಟಿತ್ತು. ತಡೆಯಾಜ್ಞೆಗಳ ನೆರಳಿನಲ್ಲಿ ಕಟ್ಟಡಗಳು ಎದ್ದವು, ಮನೆಗಳು ಮಾರಾಟವಾದವು, ಸಂಸಾರಗಳು ಬಂದು ನೆಲೆಸಿದವು. ಸುಪ್ರೀಂ ಕೋರ್ಟು 2019ರ ಮೇ ತಿಂಗಳಲ್ಲಿ ಕೆಡವಲು ಆದೇಶಿಸಿ, 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಗಳಿಂದ ನೆಲಸಮವಾದವು. ಆ ನೋಟಿಸಿನ ವರ್ಷದಲ್ಲೇ ಕೆಲಸ ನಿಂತಿದ್ದರೆ ತಳಪಾಯವಷ್ಟೇ ಹೋಗುತ್ತಿತ್ತು.

ನಮ್ಮ ಹೋಟೆಲಿನ ಪಕ್ಕದಲ್ಲೇ ಒಂದು ಮೀನುಗಾರರ ಮನೆಯಿದೆ. ಹಂಚಿನ ಮಾಡು ಸೋರುತ್ತದೆಂದು ಹೊಸ ಮನೆಗೆ ಅರ್ಜಿ ಹಾಕಿದರೆ, ಸಿಆರ್‌ಝಡ್ ಎಂದು ಕಡತವನ್ನು ಎರಡು ಸಲ ವಾಪಸು ಕಳಿಸಿದರಂತೆ. ಇದನ್ನು ಹೇಳಿದ್ದು ಹೋಟೆಲಿಗೆ ಮರುವಾಯಿ ತಂದುಕೊಡುವ ಆ ಮನೆಯ ಹಿರಿಯಕ್ಕ. ಕೇಳಿ ಕಟ್ಟುವವರು ನಿಯಮಕ್ಕೆ ಸಿಕ್ಕಿಬೀಳುತ್ತಾರೆ, ಕೇಳದೆ ಕಟ್ಟಿದವರಿಗೆ ನೋಟಿಸಿಗೆ ಉತ್ತರ ಬರೆಯಲು ಕಾಲಾವಕಾಶ ಸಿಗುತ್ತದೆ. ಆಕೆಯ ಕೋಪ ಹೋಟೆಲಿನ ಮೇಲಿರಲಿಲ್ಲ, ಆ ಕಡತದ ಮೇಲಿತ್ತು.

ಅಂಕ ಹೀಗೆ: ಮೀನಿಗೆ ಐದಕ್ಕೆ ನಾಲ್ಕೂವರೆ, ಕೋಳಿ ಸಾರಿಗೆ ಮೂರು, ಉಪಚಾರಕ್ಕೆ ನಾಲ್ಕು. ನೋಟಕ್ಕೆ ಅಂಕ ಕೊಟ್ಟಿಲ್ಲ, ಅದು ಹೋಟೆಲಿನವರ ಸರಕಲ್ಲ. ದಂಡೆಯ ಮೇಲೆ ಹಳೆಯ ಮನೆಯ ಚಾವಡಿಯಲ್ಲೂ ಆರು ಮೇಜುಗಳಿವೆ, ಅಲ್ಲೂ ಗಾಳಿ ಚೆನ್ನಾಗಿ ಬರುತ್ತದೆ, ಅಡುಗೆ ಅದೇ. ಮುಂದಿನ ಸಲ ನಾವು ಅಲ್ಲೇ ಕೂರುತ್ತೇವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೋಗುವವರು ಕಾರನ್ನು ಮೇಲಿನ ರಸ್ತೆಯಲ್ಲೇ ಬಿಡುವುದು ಒಳ್ಳೆಯದು. ಜೌಗಿಗೆ ಕೆಂಪು ಮಣ್ಣು ತುಂಬಿಸಿ ಮಾಡಿದ ಪಾರ್ಕಿಂಗಿನಲ್ಲಿ ಆ ದಿನಗಳಲ್ಲಿ ಚಕ್ರ ಮುಳುಗುವಷ್ಟು ಉಪ್ಪುನೀರು ನಿಲ್ಲುತ್ತದೆಯೆಂದು ಕಾವಲುಗಾರರೇ ಹೇಳಿದರು.